ಅಪ್ಪಯ್ಯನ ಕ್ಯಾಸೆಟ್ಟೆಲ್ಲ ಪೆನ್‌ಡ್ರೈವ್‌ಗೆ ಹಾಕ್ಸಾಯ್ತು, ಈಗ ಟ್ರಂಕ್ ಏನ್ಮಾಡೋದು?

ತುಂಗಾತೀರದವಳು

ಎಲ್ಲರಿಗೂ ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರದ ಹಳ್ಳಿ, ನಾನೀಗ ಇರೋದು ಬೆಂಗಳೂರಲ್ಲಿ. ಅಪ್ಪಯ್ಯ ತೀರ್ಕಂಡು ಮೂರು ವರ್ಷ ಆಯ್ತು. ಈ ಬೇಸಿಗೆಲಿ ತಮ್ಮ ಮನೆ ಹೆಂಚು ತೆಗ್ಸಿ ಶೀಟ್ ಹಾಕ್ಸ್ತಾ ಇದಾನೆ, ಹಾಗಾಗಿ ಅಟ್ಟ ಪೂರ್ತಿ ಖಾಲಿ ಮಾಡ್ಬೇಕು. ಅಟ್ಟದಲ್ಲಿ ಅಪ್ಪಯ್ಯನ ತಗಡಿನ ಟ್ರಂಕ್ ಒಂದಿದೆ, ಅದ್ರಲ್ಲಿ 64 ಕ್ಯಾಸೆಟ್ಟು, ಅಡಕೆ ಲೆಕ್ಕದ ಪುಸ್ತಕಗಳು, ರೇಡಿಯೋ ಲೈಸೆನ್ಸಿನ ಪುಸ್ತಕ (ಆಗ ರೇಡಿಯೋ ಇಟ್ಕಳಕ್ಕೂ ಪೋಸ್ಟಾಫೀಸಲ್ಲಿ ವರ್ಷಾ ವರ್ಷಾ ದುಡ್ಡು ಕಟ್ಟಿ ಸ್ಟಾಂಪ್ ಅಂಟಿಸ್ಕಂಡ್ ಬರ್ಬೇಕಿತ್ತು, ನೆನಪಿರೋರು ಇರ್ತೀರಿ), ಮತ್ತೆ ಆ ಟೇಪ್‌ರೆಕಾರ್ಡರ್.

ಕ್ಯಾಸೆಟ್ಟು ಹೆಚ್ಚಿನವು ಯಕ್ಷಗಾನದ್ದು. ಅಂಗಡೀಲಿ ತಂದಿದ್ದಲ್ಲ, 80ರ ದಶಕದಲ್ಲಿ ನಮ್ಮೂರ ಗದ್ದೆ ಬಯಲಲ್ಲಿ, ಆಚೀಚೆ ಊರಲ್ಲಿ ಆದ ಆಟಗಳನ್ನ ಅಪ್ಪಯ್ಯನೇ ಮುಂದೆ ಕೂತ್ಕಂಡು ರೆಕಾರ್ಡ್ ಮಾಡಿದ್ದು. ಇಡೀ ರಾತ್ರಿ ಆಟ, 90 ನಿಮಿಷದ ಕ್ಯಾಸೆಟ್ಟು, ಮುಕ್ಕಾಲು ಗಂಟೆಗೊಂದ್ಸಲ ಮಗುಚಿ ಹಾಕ್ಬೇಕು. ಕತ್ತಲಲ್ಲಿ ಟಾರ್ಚ್ ಹಿಡಿಯೋ ಕೆಲ್ಸ ನಂದು. ಒಂದೊಂದರ ಮೇಲೂ ಹಸಿರು ಇಂಕಲ್ಲಿ ಬರ್ದಿದಾರೆ, ಒಂದರಲ್ಲಿ "ಬಿ ಸೈಡ್ ಕೊನೆ ಸ್ವಲ್ಪ ಹೋಗಿದೆ, ಪುಟ್ಟಿ ನಿದ್ದೆ ಮಾಡಿದ್ಳು" ಅಂತಾನೂ ಇದೆ.

ಹೋದ ವರ್ಷ ಇಲ್ಲೇ ಒಂದು ಕಡೆ ಕೊಟ್ಟು ಎಲ್ಲಾ ಡಿಜಿಟಲ್ ಮಾಡ್ಸಿದೆ. ನೀಟಾಗೇ ಮಾಡ್ಕೊಟ್ರು, ಎ ಸೈಡು ಬಿ ಸೈಡು ಜೋಡಿಸಿ ಒಂದೊಂದೇ ಫೈಲು, ಗೊರ ಗೊರ ಶಬ್ದ ಎಲ್ಲಾ ತೆಗ್ದು. ಖುಷಿಯಾಗಿ ಪೆನ್‌ಡ್ರೈವ್ ತಗಂಡ್ ಬಂದೆ, ಆಮೇಲೆ ನಿಜ ಹೇಳ್ತೀನಿ ಒಂದೇ ಒಂದ್ಸಲಾನೂ ಕೂತು ಕೇಳ್ಲಿಲ್ಲ. ಯಾವಾಗ ಬೇಕಾದ್ರೂ ಕೇಳ್ಬೋದಲ್ಲ ಅನ್ನೋದೇ ಕೇಳದೇ ಇರಕ್ಕೆ ಕಾರಣ ಆಯ್ತೋ ಏನೋ. ಮೊಬೈಲಲ್ಲಿರೋ ಸಾವಿರಾರು ಫೋಟೋದ ಕಥೆನೂ ಅದೇ.

ಹೋದ ತಿಂಗಳು ಊರಿಗೆ ಹೋದಾಗ ಟ್ರಂಕ್ ಇಳಿಸ್ಕಂಡು ಅದೇ ಟೇಪ್‌ರೆಕಾರ್ಡರಲ್ಲಿ ಒಂದು ಕ್ಯಾಸೆಟ್ ಹಾಕ್ದೆ. ಪುಣ್ಯಕ್ಕೆ ಓಡ್ತು. ಎ ಸೈಡ್ ಮುಗಿಯೋ ಹೊತ್ತಿಗೆ, ಭಾಗವತರ ಪದ ಇನ್ನೂ ನಡೀತಾ ಇದೆ, ಹಿಂದೆ ಜನರೇಟರ್ ಶಬ್ದ, ಅದ್ರ ಮಧ್ಯೆ ಹತ್ರದಿಂದ ಒಂದು ದನಿ, "ಪುಟ್ಟಿ, ಟಾರ್ಚ್ ಹಿಡಿ, ಈ ಕಡೆ, ಈ ಕಡೆ". ಆಮೇಲೆ ಟಕ್ ಅಂತ ನಿಂತೋಯ್ತು. ನಾನು ಅಟ್ಟದ ಏಣಿ ಮೇಲೇ ಕೂತ್ಬಿಟ್ಟೆ.

ವಾಪಸ್ ಬಂದು ಪೆನ್‌ಡ್ರೈವಲ್ಲಿ ಅದೇ ಜಾಗ ಹುಡುಕಿದ್ರೆ ಅಲ್ಲಿ ಆ ಮಾತಿಲ್ಲ. ಆಟಕ್ಕೆ ಸಂಬಂಧ ಇಲ್ದಿದ್ದು ಅಂತ ಕತ್ತರಿಸಿ ಎರಡೂ ಸೈಡ್ ಅಂಟಿಸಿದಾರೆ. ಅವ್ರನ್ನ ಬೈಯಲ್ಲ, ನಾನೇ ಹೇಳಿರ್ಲಿಲ್ಲ. ಆದ್ರೆ ಕೆಲವು ಆಟದಲ್ಲಿ ದೊಡ್ಡ ಭಾಗವತ್ರು ಕಾಳಿಂಗ ನಾವಡ್ರ ಪದ ಇದೆ, ಅವ್ರು 1990ರಲ್ಲೇ ಹೋದ್ರು, ಅವ್ರ ಪದ ಇದಕ್ಕಿಂತ ಎಷ್ಟೋ ಚೆನ್ನಾಗಿರೋದು ಯೂಟ್ಯೂಬಲ್ಲಿ ಸಿಗುತ್ತೆ. ಅಪ್ಪಯ್ಯ "ಟಾರ್ಚ್ ಹಿಡಿ" ಅನ್ನೋದು ಬೇರೆಲ್ಲೂ ಸಿಗಲ್ಲ.

ಈಗ ತಮ್ಮ ಕೇಳ್ತಾನೆ, ಎಲ್ಲಾ ಪೆನ್‌ಡ್ರೈವಲ್ಲಿದೆ ಅಲ್ವಾ, ಮತ್ತೆ ಈ ಟ್ರಂಕ್ ಯಾಕೆ, ಮಳೆಗಾಲಕ್ಕೆ ಹೇಗೂ ಬೂಸ್ಟು ಹಿಡಿಯತ್ತೆ ಅಂತ. ಅವನು ಹೇಳೋದೂ ಸುಳ್ಳಲ್ಲ, ಆಗುಂಬೆ ಸೆರಗಿನ ಊರು ನಮ್ದು, ಜುಲೈಲಿ ಬೀರು ಒಳಗಿನ ಬಟ್ಟೆಗೇ ಬೂಸ್ಟ್ ಬರುತ್ತೆ. ಬೆಂಗಳೂರಿನ ಎರಡು ರೂಮಿನ ಮನೇಲಿ ನಾನೆಲ್ಲಿ ಇಟ್ಕಳ್ಲಿ. ನೀವೆಲ್ಲ ಏನ್ಮಾಡ್ತೀರಿ? ಡಿಜಿಟಲ್ ಮಾಡ್ಸಿದ್ಮೇಲೆ ಮೂಲ ವಸ್ತು ಇಟ್ಕಂಡಿದೀರಾ? ಬಿಟ್ಟೋರಿಗೆ ಆಮೇಲೆ ಬೇಜಾರಾಗ್ಲಿಲ್ವಾ?

---

ಟೇಪ್‌ರಿಪೇರಿ ಶಿವಮೊಗ್ಗ

ಅಕ್ಕಾ, ಮೊದ್ಲು ಒಂದ್ಮಾತು, ಆ ಟೇಪ್‌ರೆಕಾರ್ಡರ್ ಯಾರಿಗೂ ಕೊಡ್ಬೇಡಿ. ಕ್ಯಾಸೆಟ್ ಬಗ್ಗೆ ಆಮೇಲೆ ಯೋಚ್ನೆ ಮಾಡಿ, ಮೆಷಿನ್ ಮೊದ್ಲು ಎತ್ತಿಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

30 ವರ್ಷದ ಮೇಲಾಯ್ತು ನಾನು ಈ ಕೆಲ್ಸ ಮಾಡ್ತಾ, ಈಗ ಮೊಬೈಲ್ ಡಿಸ್ಪ್ಲೇ ಹಾಕೋದೇ ಜಾಸ್ತಿ, ಆದ್ರೂ ವಾರಕ್ಕೊಬ್ರಾದ್ರೂ ಹಳೇ ಟೇಪ್ ಹಿಡ್ಕಂಡ್ ಬರ್ತಾರೆ. ಕ್ಯಾಸೆಟ್ ಒಳಗಿರೋ ಟೇಪು ನಾಲ್ಕು ಮಿಲಿಮೀಟರ್‌ಗಿಂತ ಒಂಚೂರು ಕಮ್ಮಿ ಅಗ್ಲ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ. ಅದಕ್ಕೆ ತಾಗ್ಕಂಡು ಶಬ್ದ ಓದೋ ಚಿಕ್ಕ ಲೋಹದ ತುಂಡಿಗೆ ಹೆಡ್ ಅಂತೀವಿ. ಹೆಡ್ಡು ಟೇಪಿಗೆ ಸರಿಯಾಗಿ ಅಡ್ಡ ನಿಂತಿರ್ಬೇಕು, ಲೆಕ್ಕದ ಪ್ರಕಾರ 90 ಡಿಗ್ರಿ. ಆದ್ರೆ ಮನೆ ಬಳಕೆ ಮೆಷಿನಲ್ಲಿ ಕೂದ್ಲೆಳೆಯಷ್ಟು ವಾಲಿರುತ್ತೆ, ಒಂದೊಂದು ಮೆಷಿನ್ನು ಒಂದೊಂದು ಥರ. ನಿಮ್ಮ ತಂದೆಯೋರ ಮೆಷಿನಲ್ಲಿ ಹೇಗೆ ವಾಲಿತ್ತೋ ರೆಕಾರ್ಡಿಂಗೂ ಹಾಗೇ ವಾಲ್ಕಂಡು ಕೂತಿದೆ. ಅದನ್ನ ತಗಂಡೋಗಿ ಎಲ್ಲಾ ಸರಿ ಇರೋ ದುಬಾರಿ ಡೆಕ್ಕಿಗೆ ಹಾಕಿದ್ರೆ ಏನಾಗುತ್ತೆ ಗೊತ್ತಾ, ಚಂಡೆ ಮಂಕಾಗುತ್ತೆ, ತಾಳದ ಕಿಣಿಕಿಣಿ ಹೋಗ್ಬಿಡುತ್ತೆ, ಕಂಬಳಿ ಹೊದಿಸಿದಂಗೆ. ಹೆಡ್ ಪಕ್ಕದ ಸ್ಕ್ರೂ ತಿರುಗಿಸಿ ಕಿವಿ ಕೊಟ್ಟು ಹೊಂದಿಸ್ಬೋದು, ಆದ್ರೆ 64 ಕ್ಯಾಸೆಟ್ಟಿಗೂ ಹಂಗೆ ಮಾಡೋ ತಾಳ್ಮೆ ಯಾರಿಗಿದೆ. ರೆಕಾರ್ಡ್ ಮಾಡಿದ ಮೆಷಿನ್ನೇ ಇದ್ರೆ ಆ ಕ್ಯಾಸೆಟ್ಟು ಅದಕ್ಕೆ ಹೇಳಿ ಮಾಡಿಸ್ದಂಗೆ. ಅವೆರಡೂ ಜೋಡಿ, ಬೇರೆ ಮಾಡ್ಬಾರ್ದು.

ಇನ್ನೊಂದು ಹೇಳ್ತೀನಿ, ಪರೀಕ್ಷೆ ಮಾಡಿ ನೋಡಿ. ಬಯಲಲ್ಲಿ ಸೆಲ್ ಹಾಕಿ ರೆಕಾರ್ಡ್ ಮಾಡಿದ್ರೆ ಬೆಳಗಿನ ಜಾವದ ಕ್ಯಾಸೆಟ್ಟಲ್ಲಿ ಶ್ರುತಿ ಏರಿದಂಗೆ ಕೇಳುತ್ತೆ, ಎಲ್ಲಾರೂ ಗಡಿಬಿಡಿಲಿ ಹಾಡಿದಂಗೆ. ಭಾಗವತ್ರು ಏರ್ಸಿದ್ದಲ್ಲ ಅದು. ಸೆಲ್ ಇಳೀತಾ ಬಂದಂಗೆ ಮೋಟಾರ್ ನಿಧಾನ ಆಗುತ್ತೆ, ನಿಧಾನ ಓಡಿದ ಟೇಪನ್ನ ಈಗ ಸರಿ ಸ್ಪೀಡಲ್ಲಿ ಓಡ್ಸಿದ್ರೆ ಶಬ್ದ ಮೇಲಕ್ಕೆ ಹೋಗುತ್ತೆ. ಇದ್ದಕ್ಕಿದ್ದಂಗೆ ಒಂದು ಕಡೆ ಸರಿ ಹೋದ್ರೆ ಅಲ್ಲಿ ಹೊಸ ಸೆಲ್ ಹಾಕಿದಾರೆ ಅಂತ ತಿಳ್ಕಳಿ. ಡಿಜಿಟಲ್ ಮಾಡೋವಾಗ ಅದನ್ನೂ ತಿದ್ದಿ ಸಮ ಮಾಡ್ಬೋದು, ಆದ್ರೆ ತಿದ್ದದೇ ಇರೋ ಪ್ರತಿ ಒಂದು ಇಟ್ಕಂಡು ಆಮೇಲೆ ತಿದ್ಬೇಕು.

ಕ್ಯಾಸೆಟ್ಟಿನ ಕಿಟಕೀಲಿ ಬಿಳಿ ಪುಡಿ ಥರ ಕಂಡ್ರೆ ಬೂಸ್ಟು, ಅಂಥದ್ದು ಹಾಗೇ ಹಾಕ್ಬೇಡಿ, ಮೆಷಿನ್ನಿಗೂ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತೆ. ಬಿಚ್ಚಿ ಒರೆಸ್ಬೇಕು, ಹೆಡ್ಡನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಒರೆಸ್ಬೇಕು. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಚೂರು ಎರಡೂ ಮುರಿದಿದೆಯಾ ನೋಡಿ, ಮುರೀದಿದ್ರೆ ಮುರೀರಿ, ಇಲ್ಲಾಂದ್ರೆ ಕೈತಪ್ಪಿ ಕೆಂಪು ಬಟನ್ ಒತ್ತಿದ್ರೆ ಮೇಲೇ ರೆಕಾರ್ಡ್ ಆಗ್ಬಿಡುತ್ತೆ. ಶೀಟ್ ಮನೆ ಅಟ್ಟದಲ್ಲಿ ಮಾತ್ರ ಇಡ್ಬೇಡಿ, ಹೆಂಚಿನ ಕೆಳಗಿದ್ದಂಗಲ್ಲ, ಬೇಸಿಗೇಲಿ ಬೇಯುತ್ತೆ.

ಪೆನ್‌ಡ್ರೈವ್ ನಂಬ್ಕಂಡು ಕೂತ್ಕಬೇಡಿ. ಅದ್ರೊಳಗೂ ಇರೋದು ವಸ್ತುನೇ, ವರ್ಷಗಟ್ಲೆ ಹಾಗೇ ಬಿಟ್ರೆ ಅದ್ರ ಚಾರ್ಜೂ ಸೋರುತ್ತೆ. ಕ್ಯಾಸೆಟ್ಟು ಕೆಟ್ರೆ ಗೊರಗೊರ ಅಂತಾದ್ರೂ ಹಾಡುತ್ತೆ, ಪೆನ್‌ಡ್ರೈವ್ ಕೆಟ್ರೆ ಕಂಪ್ಯೂಟರಿಗೆ ಅದು ಇದೆ ಅಂತಾನೇ ಗೊತ್ತಾಗಲ್ಲ. ಕನಿಷ್ಠ ಬೇರೆ ಬೇರೆ ಎರಡು ಕಡೆ ಇಡಿ.

---

ಹೊಸನಗರ ಹುಡ್ಗ

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಯಾರೂ ತಪ್ಪು ತಿಳೀಬೇಡಿ.

ನಮ್ಮನೇಲೂ ಎಲ್ಲಾ ಇತ್ತು. ಹಂಡೆ, ಕೊಪ್ಪರಿಗೆ, ಅಜ್ಜಯ್ಯನ ಕಾಲದ ಹಿತ್ತಾಳೆ ಪಾತ್ರೆ, ಮೂರು ಪೆಟ್ಟಿಗೆ ಕಾಗ್ದ. "ಹಿರಿಯರದ್ದು, ಕೊಡ್ಬಾರ್ದು" ಅಂತ ಎಲ್ಲಾರೂ ಹೇಳೋರು, ಹಬ್ಬ ಬಂದ್ರೆ ಅದನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ತಾ ಇದ್ದದ್ದು ಅಮ್ಮ ಒಬ್ಳೇ. ಹೇಳೋರು ಯಾರೂ ತಿಕ್ಕಲಿಲ್ಲ. ಕೊನೆಗೆ ಅಮ್ಮನೇ ಒಂದಿನ, ಫೋಟೋ ತೆಗ್ದು ಇಟ್ಕಳೋ ಸಾಕು, ಎಲ್ಲಾ ಕೊಟ್ಬಿಡಣ ಅಂದ್ಳು. ಕೊಟ್ವಿ. ಆಮೇಲೆ ಅವಳ ಮುಖದಲ್ಲಿ ಕಂಡ ನಿರಾಳ ನಂಗೆ ಇವತ್ತಿಗೂ ಮರ್ತಿಲ್ಲ.

ಪಹಣಿನೇ ನೋಡಿ. ಗ್ರಾಮ ಲೆಕ್ಕಿಗರ ಕೈಬರಹದ್ದು ಇತ್ತು, 2000ದ ಆಸುಪಾಸಿಗೆ ಭೂಮಿ ಯೋಜನೇಲಿ ಕಂಪ್ಯೂಟರಿಗೆ ಹೋಯ್ತು, ಕೈಬರಹದ ಪಹಣಿಗೆ ಬೆಲೆನೇ ಇಲ್ದಂಗಾಯ್ತು. ಅದಕ್ಕಾಗಿ ಅಪ್ಪ ಅಲೀತಾ ಇದ್ದದ್ದು ಕಮ್ಮಿ ಆಯ್ತು. ಎಲ್ಲಾ ಕಾಗ್ದಕ್ಕೂ ಅಳಕ್ಕಾಗಲ್ಲ.

ಆದ್ರೆ ಅಮ್ಮ ಹೋಗಿ ಈಗ ಎರಡು ವರ್ಷ. ಅವಳದ್ದು ಅಂತ ನನ್ನತ್ರ ಇರೋದು ಅವಳ ಫೋನು. ಬಲಗಡೆ ಮೂಲೇಲಿ ಗ್ಲಾಸ್ ಒಡೆದಿದೆ, ಬಚ್ಚಲೊಲೆ ಹತ್ರ ಬೀಳಿಸ್ಕಂಡಿದ್ಳು, ಬೆರಳಿಟ್ರೆ ಈಗ್ಲೂ ಚುಚ್ಚುತ್ತೆ. ಕವರಿನ ಹಿಂದೆ ಧರ್ಮಸ್ಥಳದ ಮಂಜುನಾಥ ಸ್ವಾಮಿ ಫೋಟೋ ಮತ್ತೆ ಹತ್ತು ರೂಪಾಯಿ ನೋಟು. ತಿಂಗಳಿಗೊಂದ್ಸಲ ಚಾರ್ಜಿಗೆ ಹಾಕ್ತೀನಿ. ಅವಳ ವಾಯ್ಸ್ ಮೆಸೇಜ್ ಎಲ್ಲಾ ನನ್ನ ಫೋನಲ್ಲೂ ಇದೆ, ಆದ್ರೂ ಅವಳ ಫೋನಲ್ಲೇ ಕೇಳ್ಬೇಕು ಅನ್ಸುತ್ತೆ. ಹಿತ್ತಾಳೆ ಹಂಡೆ ಮಾರಿದ ನಂಗೆ ಪ್ಲಾಸ್ಟಿಕ್ ಫೋನ್ ಬಿಡಕ್ಕಾಗ್ತಿಲ್ಲ. ಹಾಗಾಗಿ ಹಳೇದು ಹೊಸದು ಅನ್ನೋದಕ್ಕಿಂತ, ಅವರು ಯಾವುದನ್ನ ಇಷ್ಟಪಟ್ಟು ಮುಟ್ತಾ ಇದ್ರು ಅಂತ ನೋಡಿ. ನಿಮ್ಮಪ್ಪ ಕ್ಯಾಸೆಟ್ಟು ಮುಟ್ಟಿದಾರೆ, ಬರ್ದಿದಾರೆ. ಅದನ್ನ ಇಟ್ಕಳಿ. ಬೇರೆಯವರ ಬಾಯಿಗೆ ಹೆದರಿ ಟ್ರಂಕ್ ಪೂರ್ತಿ ಇಟ್ಕಬೇಡಿ.

ಫೋನ್ ಇಟ್ಕಂಡಿರೋರಿಗೆ ಒಂದ್ವಿಷ್ಯ, ವಾಟ್ಸಾಪ್ ಅಕೌಂಟ್ 120 ದಿನ ಸುಮ್ನಿದ್ರೆ ಡಿಲೀಟ್ ಆಗುತ್ತೆ, ಸಿಮ್ಮಿಗೂ ರೀಚಾರ್ಜ್ ಮಾಡ್ತಾ ಇರ್ಬೇಕು ಇಲ್ಲಾಂದ್ರೆ ನಂಬರ್ ಬೇರೆಯವರಿಗೆ ಹೋಗುತ್ತೆ. ಬೇಕಾದ ವಾಯ್ಸ್ ಮೆಸೇಜ್ ಮೊದ್ಲೇ ತೆಗೆದು ಬೇರೆ ಕಡೆ ಇಟ್ಕಳಿ.

---

ಶರಾವತಿ ಆಚೆದಡ

ಹೊಸನಗರದ ತಮ್ಮಾ, ನೀನು ಬರೆದಿದ್ದು ಓದಿ ಕಣ್ಣು ತುಂಬ್ತು. ತಿಕ್ಕೋರು ಯಾರು ಅಂತ ಕೇಳಿದ್ಯಲ್ಲ, ಸರಿಯಾಗಿ ಕೇಳಿದೀಯ.

ನಮ್ದು ಇನ್ನೊಂದು ಥರ. ನಮಗೆ ಇಟ್ಕಳದಾ ಬಿಡದಾ ಅಂತ ಯೋಚ್ನೆ ಮಾಡೋಷ್ಟು ವಸ್ತುನೇ ಉಳೀಲಿಲ್ಲ. ಸಾಗರ ತಾಲ್ಲೂಕಿನ ಮುಳುಗಡೆಯೋರು ನಾವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯ್ತಲ್ಲ, ಆಗ ಅಜ್ಜಿ ಮನೆಯೋರು ಲಾರಿ ಮೇಲೆ ಹಿಡಿಸಿದಷ್ಟು ಹೇರ್ಕಂಡು ಶಿವಮೊಗ್ಗ ಕಡೆ ಕಾಡಿಗೆ ಬಂದು ಇಳಿದ್ರಂತೆ. ಮನೆದು ಒಂದು ಫೋಟೋ ಇಲ್ಲ. ಬೇಸಿಗೇಲಿ ನೀರು ತೀರಾ ಇಳಿದ್ರೆ ಅದಕ್ಕಿಂತ ಹಿಂದಿನ ಮಡೆನೂರು ಅಣೆಕಟ್ಟು ಮೇಲೆ ಬರುತ್ತೆ, ಜನ ಹೋಗಿ ಫೋಟೋ ತೆಗೀತಾರೆ, ನಮ್ಮೋರು ಹೋದ್ರೆ ಕೆಸರಲ್ಲಿ ಮನೆ ಪಂಚಾಂಗದ (ತಳಪಾಯದ) ಕಲ್ಲು ಹುಡುಕ್ತಾರೆ.

ಉಳಿದಿದ್ದು ಒಂದು ಕೊಳಗ. ಭತ್ತ ಅಳೆಯೋದು. ಕೇಜಿ ಬಂದ ಮೇಲೆ ಅದಕ್ಕೆ ಕೆಲ್ಸ ಇಲ್ಲ, ನಮ್ಮನೇಲಿ ಛತ್ರಿ ನಿಲ್ಸಕ್ಕೆ ಇಟ್ಟಿದ್ವಿ. ಹೋದ ವರ್ಷ ಮಗಳು ಅದ್ರ ಫೋಟೋ ತೆಗ್ದು ಮನೆಯೋರ ವಾಟ್ಸಾಪ್ ಗ್ರೂಪಿಗೆ ಹಾಕಿದ್ಳು. ಅಲ್ಲೀವರೆಗೂ ಗುಡ್ ಮಾರ್ನಿಂಗ್ ಬಿಟ್ರೆ ಬೇರೆ ಏನೂ ಬರದ ಗ್ರೂಪು. ಒಂದು ರಾತ್ರೀಲಿ ಎಷ್ಟು ಜನ ಮಾತಾಡಿದ್ರು ಅಂದ್ರೆ! ದೊಡ್ಡಪ್ಪ ವಾಯ್ಸ್ ಕಳ್ಸಿದ್ರು, ಅಂಚು ಬಗ್ಗಿದೆ ಅಲ್ವಾ, ಅದು ಲಾರಿಯಿಂದ ಬಿದ್ದದ್ದು, ನಾನೇ ಹಾರಿ ಎತ್ಕಂಡ್ ಬಂದೆ ಅಂತ. ನಮ್ಗ್ಯಾರಿಗೂ ಗೊತ್ತಿರ್ಲಿಲ್ಲ. ಆ ಫೋಟೋ ಇಲ್ದಿದ್ರೆ ಗೊತ್ತೂ ಆಗ್ತಿರ್ಲಿಲ್ಲ, ಹಾಗಾಗಿ ಮೊಬೈಲಿಂದ ಎಲ್ಲಾ ಹಾಳಾಯ್ತು ಅಂತ ನಾನಂತೂ ಹೇಳಲ್ಲ.

ಆದ್ರೆ ದೀಪಾವಳಿಗೆ ದೊಡ್ಡಪ್ಪ ಬಂದ್ರು. ಎಂಬತ್ತು ದಾಟಿದೆ, ಕಣ್ಣು ಮಂಜು. ಕೊಳಗ ತೊಡೆ ಮೇಲೆ ಇಟ್ಕಂಡು ಒಳಗೆ ಕೈ ಹಾಕಿ ಬೆರಳಲ್ಲಿ ತಡಕಿ ತಡಕಿ, "ಇದೆ, ಇದೆ" ಅಂದ್ರು. ಒಳಗಡೆ, ಅಂಚಿಂದ ನಾಲ್ಕು ಬೆರಳು ಕೆಳಗೆ, ಸಣ್ಣ ಸಣ್ಣ ಗೀರು. ಅಜ್ಜ ಯಾವುದೋ ಲೆಕ್ಕಕ್ಕೆ ಹಾಕಿದ ಗೀರು. ಇಷ್ಟು ವರ್ಷ ಛತ್ರಿ ಇಟ್ಟ ನಮಗೆ ಕಂಡಿಲ್ಲ, ಮಗಳ ಫೋಟೋದಲ್ಲೂ ಇಲ್ಲ. ಆಮೇಲೆ ಖಾಲಿ ಕೊಳಗಾನೇ ಗಾಳೀಲಿ ಮೊಗೆದು ಮಗುಚ್ತಾ, "ಲಾಭ... ಎರಡು... ಮೂರು..." ಅಂತ ಎಣಿಸಕ್ಕೆ ಶುರು ಮಾಡಿದ್ರು. ಮೊದಲನೇದಕ್ಕೆ ಒಂದು ಅನ್ಬಾರ್ದು, ಲಾಭ ಅನ್ಬೇಕು. ಮಗಳು ಬಾಯಿ ಬಿಟ್ಕಂಡು ನೋಡ್ತಾ ಇದ್ಳು, ವಿಡಿಯೋ ಮಾಡೋದೂ ಮರೆತು.

ತೀರ್ಥಹಳ್ಳಿ ತಂಗಿ, ನಿನ್ನ ಟ್ರಂಕಲ್ಲೂ ಅಂಥ ಗೀರು ಇನ್ನೂ ಎಷ್ಟಿದಾವೋ. ಒಂದು ದನಿ ಈಗ ಸಿಕ್ಕಿದೆ. ಉಳಿದ 63 ಕೇಳಿದೀಯಾ?

---

ಮಳೆಹುಳ

ಉಳಿದ 63... ಈ ಸಾಲು ಓದಿ ಮೈ ಜುಂ ಅಂತು. ದಯವಿಟ್ಟು ಕೇಳಿ ಮೇಡಂ.

---

ನಿವೃತ್ತ ಮೇಷ್ಟ್ರು, ಸಾಗರ

ತಡವಾಗಿ ಬರೀತಿದೀನಿ. ಬೂಸ್ಟಿನ ಬಗ್ಗೆ ನಿಮ್ಮ ತಮ್ಮನ ಮಾತಿಗೆ ಉತ್ತರ ಕೊಡ್ಬೇಕು ಅನ್ನಿಸ್ತು. ನಮ್ಮ ಮಲೆನಾಡಲ್ಲಿ ಕಾಗದ ಉಳಿಯಲ್ಲ ಅನ್ನೋದು ಅರ್ಧ ಸತ್ಯ ಅಷ್ಟೇ. ಕೆಳದಿ ಮ್ಯೂಸಿಯಂಗೆ ಹೋಗಿದೀರಾ, ಸಾಗರದಿಂದ ಹತ್ರಾನೇ. ಇದೇ ಮಳೆಲಿ ಉಳ್ಕಂಡು ಬಂದ ತಾಡೋಲೆ ಕಟ್ಟುಗಳು ಅಲ್ಲಿವೆ, ತಿಗಳಾರಿ ಲಿಪಿಯವೂ ಇವೆ. ಹೇಗೆ ಉಳಿದ್ವು? ತಾಡೋಲೆಗೆ ಕಂಟ ಅನ್ನೋ ಚೂಪು ಲೋಹದ ಕಡ್ಡೀಲಿ ಕೊರೆದು ಬರೀತಿದ್ರು, ಕೊರೆದ ಅಕ್ಷರ ಹಾಗೇ ಕಾಣಲ್ಲ, ಮಸಿ ಸವರಿ ಒರೆಸಿದ್ರೆ ಮಾತ್ರ ಕಾಣುತ್ತೆ. ಅಂದ್ರೆ ಓದ್ಬೇಕು ಅಂದ್ರೆ ಕೈಲಿ ಮುಟ್ಟಲೇ ಬೇಕಿತ್ತು. ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚೋರು, ಕಟ್ಟಿನ ಮಧ್ಯೆ ಬಜೆ ಬೇರು ಇಡೋರು. ನಮ್ಮ ಮನೇಲಿ ನವರಾತ್ರಿಗೆ, ಮಳೆ ಹಿಂದಾಗಿ ಬಿಸ್ಲು ಬಂದಾಗ, ಪೂಜೆಗೆ ಅಂತ ಎಲ್ಲಾ ಪುಸ್ತಕ ಹೊರಗೆ ತೆಗೆದು ಒರೆಸಿ ಗಾಳಿಗೆ ಹರಡೋರು. ನಮ್ಮಮ್ಮನಿಗೆ ಅದು ಸರಸ್ವತಿ ಪೂಜೆ, ಈಗ ಯೋಚ್ನೆ ಮಾಡಿದ್ರೆ ವರ್ಷಕ್ಕೊಮ್ಮೆ ಆಗೋ ತಪಾಸಣೆ.

ಸ್ಕ್ಯಾನ್ ಮಾಡೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಮಾಡ್ಲೇಬೇಕು, ದೂರದಲ್ಲಿರೋರೂ ಓದ್ತಾರೆ, ಓಲೆ ಮೇಲೆ ಕೈ ಬೀಳೋದೂ ಕಮ್ಮಿ ಆಗುತ್ತೆ. ನನ್ನ ಭಯ ಬೇರೆ. ಸ್ಕ್ಯಾನ್ ಆಯ್ತಲ್ಲ ಅಂತ ಆಮೇಲೆ ಕಟ್ಟು ಯಾರೂ ಬಿಚ್ಚಲ್ಲ, ಬಿಚ್ಚದೇ ಇದ್ರೆ ಹುಳ ಬಿದ್ದದ್ದು ಗೊತ್ತಾಗಲ್ಲ. ನಮ್ಮ ಮನೆ ಓಲೆಕಟ್ಟು ಒಂದಕ್ಕೆ ಹಾಗೇ ಆಯ್ತು. ಫೋಟೋ ತೆಗೆಸಿ ನಿಶ್ಚಿಂತೆಯಿಂದ ಆರು ವರ್ಷ ಮುಟ್ಟಲಿಲ್ಲ, ತೆಗೆದು ನೋಡಿದ್ರೆ ಎರಡು ಹಲಗೆ ಮಧ್ಯೆ ಪುಡಿ. ಆ ಪುಡೀನ ಅಂಗೈಲಿ ಹಿಡ್ಕಂಡಾಗ ಆದ ಸಂಕಟ ಬರೆಯಕ್ಕಾಗಲ್ಲ. ಫೋಟೋದಲ್ಲಿ ಅಕ್ಷರ ಎಲ್ಲಾ ಇದೆ. ಆದ್ರೆ ಓಲೆ ಅಂಚಿನ ಮೇಲೆ ಏನೋ ಗುರುತಿತ್ತು ಅಂತ ನೆನಪು, ಫೋಟೋ ತೆಗೆದೋರು ಮೇಲ್ಮೈ ತೆಗೆದ್ರು, ಅಂಚು ಯಾರೂ ತೆಗೀಲಿಲ್ಲ.

ನೀವು ಬೆಂಗಳೂರಲ್ಲಿದ್ರೂ ಅಡ್ಡಿಲ್ಲ. ವರ್ಷಕ್ಕೊಂದ್ಸಲ, ನವರಾತ್ರಿಗೋ ತಂದೆಯವರ ತಿಥಿಗೋ, ಟ್ರಂಕ್ ತೆಗೆಯೋದು ಅಂತ ಇಟ್ಕಳಿ. ಅಷ್ಟು ಸಾಕು. ಅಡಕೆ ಲೆಕ್ಕದ ಪುಸ್ತಕಾನೂ ಬಿಸಾಡ್ಬೇಡಿ, ಆ ಕಾಲದ ಕೂಲಿ ಎಷ್ಟು, ಧಾರಣೆ ಎಷ್ಟು, ಕೊಳೆರೋಗ ಯಾವ ವರ್ಷ ಬಂತು, ಎಲ್ಲಾ ಅದ್ರಲ್ಲೇ ಇರುತ್ತೆ.

---

ತುಂಗಾತೀರದವಳು

ಎಲ್ಲರಿಗೂ ಏನಂತ ಹೇಳ್ಲಿ. ಎರಡು ದಿನ ರಜೆ ಹಾಕಿ ಮತ್ತೆ ಊರಿಗೆ ಬಂದಿದೀನಿ, ಜಗಲೀಲಿ ಕೂತ್ಕಂಡೇ ಬರೀತಿದೀನಿ.

ಮೇಷ್ಟ್ರೇ, ಲೆಕ್ಕದ ಪುಸ್ತಕ ತೆಗೆದ್ವಿ. ತಮ್ಮ ಬಿಸಾಡು ಅಂತಿದ್ದೋನು ಈಗ ನನಗೆ ಕೊಡ್ತಿಲ್ಲ, ಕೊಳೆ ಔಷಧಿಗೆ ಅಪ್ಪಯ್ಯ ಮೈಲುತುತ್ತ ಸುಣ್ಣ ಎಷ್ಟೆಷ್ಟು ಹಾಕ್ತಿದ್ರು, ಯಾವ ತಾರೀಖಿಗೆ ಹೊಡೀತಿದ್ರು ಅಂತ ಮೊಬೈಲಲ್ಲಿ ಬರ್ಕಂಡು ಕೂತಿದಾನೆ. ಹೊಸನಗರದವರೇ, ನೀವು ಹೇಳಿದ ಲೆಕ್ಕ ಇಟ್ಕಂಡೇ ಆರಿಸಿದೆ. ಅಂಗಡೀಲಿ ಕೊಂಡ ಹತ್ತು ಹನ್ನೊಂದು ಕ್ಯಾಸೆಟ್ಟು ಕೊಟ್ಬಿಡ್ತೀವಿ, ಅದಕ್ಕೆ ಬೇಜಾರಿಲ್ಲ. ನಿಮ್ಮಮ್ಮನ ಫೋನ್ ಹಾಗೇ ಇಟ್ಕಳಿ.

ಸಾಗರದ ಅಕ್ಕಾ, ಉಳಿದದ್ದು ಕೇಳಕ್ಕೆ ಶುರು ಮಾಡಿದ್ವಿ. ಎಂಟಾಯ್ತು. ಐದರಲ್ಲಿ ಏನೂ ಇಲ್ಲ, ಟಕ್ ಅಂತ ನಿಲ್ಲುತ್ತೆ. ಎರಡರಲ್ಲಿ ಕೆಮ್ಮು. ಒಂದರಲ್ಲಿ ಅಪ್ಪಯ್ಯ ಯಾರ ಹತ್ರಾನೋ ಮೆಲ್ಲಗೆ "ಸೆಲ್ ಇಳೀತು ಮಾರಾಯ, ಇನ್ನೊಂದ್ ಜೊತೆ ಇದ್ಯನ" ಅಂತಾರೆ, ಅಲ್ಲಿಂದ ಮುಂದೆ ಶ್ರುತಿ ಸರಿ ಆಗುತ್ತೆ. ಟೇಪ್‌ರಿಪೇರಿ ಅಣ್ಣಾ, ನೀವು ಹೇಳಿದ್ದು ಹೇಳ್ದಂಗೇ ಇತ್ತು, ಅಮ್ಮ ಮತ್ತೆ ಮತ್ತೆ ಹಿಂದಕ್ಕೆ ಹಾಕ್ಸಿ ಕೇಳಿದ್ರು.

ಒಂಬತ್ತನೇದು ಹಾಕೋ ಹೊತ್ತಿಗೆ ಮೆಷಿನ್ ನಿಂತ್ಬಿಡ್ತು. ಮೋಟಾರ್ ತಿರುಗೋ ಶಬ್ದ ಬರುತ್ತೆ, ಚಕ್ರ ತಿರುಗ್ತಿಲ್ಲ, ಒಳಗೆ ನೋಡಿದ್ರೆ ರಬ್ಬರ್ ಬೆಲ್ಟು ಟಾರಿನ ಥರ ಕರಗಿ ಅಂಟ್ಕಂಡಿದೆ. ನಾನು ಮುಟ್ಟಕ್ಕೆ ಹೋಗಿಲ್ಲ. ನಾಳೆ ಬೆಳಿಗ್ಗೆ ಬಸ್ಸಿಗೆ ಮೆಷಿನ್ನೂ 53 ಕ್ಯಾಸೆಟ್ಟೂ ತಗಂಡು ಶಿವಮೊಗ್ಗಕ್ಕೆ ಬರ್ತೀನಿ, ಅಮ್ಮಾನೂ ಬರ್ತಾರಂತೆ. ಅಂಗಡಿ ಎಷ್ಟೊತ್ತಿಗೆ ತೆಗೀತೀರಿ? ಕ್ಯಾಸೆಟ್ಟು ಮಡಿಲಲ್ಲೇ ಇಟ್ಕಂಡ್ ಬರ್ಬೇಕಾ, ಬಸ್ಸಿನ ಮೇಲ್ಗಡೆ ಇಟ್ರೆ ಏನಾದ್ರೂ ಆಗುತ್ತಾ?

---

ಟೇಪ್‌ರಿಪೇರಿ ಶಿವಮೊಗ್ಗ

ಹತ್ತಕ್ಕೆ ತೆಗೀತೀನಿ, ನಾಳೆ ಒಂಬತ್ತಕ್ಕೇ ಬಂದಿರ್ತೀನಿ ಅಕ್ಕಾ. ಮಡಿಲಲ್ಲೇ ಇಟ್ಕಳಿ, ಬಿಸ್ಲು ಬೀಳೋ ಕಡೆ ಕೂರ್ಬೇಡಿ. ಬೆಲ್ಟ್ ಇದೆ ನನ್ನತ್ರ. ಸೈಡ್ ಕೊನೆ ಒಂದು ಸೆಕೆಂಡೂ ಕತ್ತರಿಸಲ್ಲ.